ಆಲು, ಹಾಲು

ನಾನಿನ್ನೂ ಮೂರನೇ ಕ್ಲಾಸಿನ ಚಿಕ್ಕ ಹುಡುಗನಾಗಿದ್ದಾಗ ನನಗೆ ‘ಹ’ ಅನ್ನಲು ಬರುತ್ತಿರಲಿಲ್ಲ. ನಮ್ಮೂರು ಪುಟ್ಟೇನಹಳ್ಳಿ ಆಗ ನಿಜವಾಗಿಯೂ ಹಳ್ಳಿ. ನಮ್ಮ ಮನೆಯಲ್ಲಿ ಹಸುವಿಗೆ ‘ಅಸು’, ಹಾಲಿಗೆ ‘ಆಲು’. ಅಪ್ಪ ದಿನಾ ಬೆಳಿಗ್ಗೆ ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ಜಯನಗರದ ಮನೆಮನೆಗೆ ‘ಆಲು’ ಹಾಕಿ ಬರುತ್ತಿದ್ದ. ಯಾರೂ ಅವನನ್ನು ತಿದ್ದಿರಲಿಲ್ಲ.

ನಾನು ಜಯನಗರದ ಶಾಲೆಗೆ ಸೇರಿದ ಮೇಲೆ ಪೇಚಿಗೆ ಸಿಕ್ಕಿಕೊಂಡೆ. ಒಂದು ದಿನ ಉಕ್ತಲೇಖನದಲ್ಲಿ ಮೇಷ್ಟ್ರು ‘ಹಾಲು’ ಅಂದರು. ನಾನು ಅದನ್ನು ಮೆಲ್ಲಗೆ ನನ್ನ ಬಾಯಲ್ಲೇ ಹೇಳಿಕೊಂಡು, ‘ಆಲು’ ಎಂದು ಸ್ಲೇಟಿನ ಮೇಲೆ ಬರೆದೆ. ಮೇಷ್ಟ್ರು ಎಬ್ಬಿಸಿ ಗಟ್ಟಿಯಾಗಿ ಓದಿಸಿದರು. ಕ್ಲಾಸೆಲ್ಲ ನಕ್ಕಿತು.

“ಸರಿಯಾಗಿ ಹೇಳೋವರೆಗೂ ಆಚೆ ಹೋಗೋ ಹಾಗಿಲ್ಲ,” ಎಂದು, ಊಟದ ಬೆಲ್ ಹೊಡೆದಾಗ ನನ್ನೊಬ್ಬನನ್ನೇ ಒಳಗೆ ಬಿಟ್ಟು ಬಾಗಿಲು ಎಳೆದುಕೊಂಡು ಹೋದರು. ಒಳಗೆ ಬರೀ ಸೀಮೆಸುಣ್ಣದ ವಾಸನೆ. ಕಿಟಕಿಯ ಸರಳುಗಳಾಚೆ ಹುಡುಗರ ಗಲಾಟೆ, ಯಾರದೋ ಡಬ್ಬಿಯ ಚಿತ್ರಾನ್ನದ ಘಮ. ಎಷ್ಟು ಸಲ ಹೇಳಿದರೂ ‘ಆಲು’ ಎಂದೇ ಬರುತ್ತಿತ್ತು. ಬಾಯಿ ನನ್ನದೇ, ಆದರೂ ನನ್ನ ಮಾತು ಕೇಳುತ್ತಿರಲಿಲ್ಲ. ಇನ್ನು ಮನೆಗೇ ಬಿಡುವುದಿಲ್ಲವೇನೋ ಎಂದು ಹೆದರಿ ಅತ್ತುಬಿಟ್ಟೆ.

ಏಳನೇ ಕ್ಲಾಸಿನಲ್ಲಿದ್ದ ಅಕ್ಕ ನನ್ನನ್ನು ಹುಡುಕಿಕೊಂಡು ಕಿಟಕಿಗೆ ಬಂದಳು. “ಅಳ್ಬೇಡ ಕಣೋ. ಚಳೀಲಿ ಅಂಗೈಗೆ ಬಿಸಿ ಉಸಿರು ಊದ್ಕೋತೀವಲ್ಲ, ಹಂಗೇ ಊದು. ಉಸಿರು ಮೊದ್ಲು, ‘ಆ’ ಆಮೇಲೆ.”

ಅಂಗೈಯನ್ನು ಬಾಯಿಗೆ ಹಿಡಿದೆ. ‘ಆ’ ಅಂದರೆ ಏನೂ ತಾಗುತ್ತಿರಲಿಲ್ಲ. ಎಷ್ಟೋ ಸಲ ಊದಿದ ಮೇಲೆ ಇದ್ದಕ್ಕಿದ್ದಂತೆ ಅಂಗೈ ಬೆಚ್ಚಗಾಯಿತು: ‘ಹಾ!’ ಮೇಷ್ಟ್ರು ಬಂದಾಗ ‘ಹಾಲು’ ಅಂದೆ. ಅವರು ಬಾಗಿಲು ತೋರಿಸಿದರು.

ಸಂಜೆ ಅಪ್ಪ ಲೋಟ ಚಾಚಿ, “ತಗೋ ಮಗಾ, ಆಲು ಕುಡಿ,” ಅಂದ.

“ಆಲಲ್ಲ ಅಪ್ಪ, ಹಾಲು!” ಅಂದುಬಿಟ್ಟೆ.

ಅಪ್ಪನ ಮುಖ ಸಣ್ಣದಾಯಿತು. ಎರಡು ಸಲ ‘ಹಾ’ ಅನ್ನಲು ಬಾಯಿ ತೆರೆದು ನೋಡಿದ. “ನಂಗ್ ಬರಾಕಿಲ್ಲ ಬುಡು. ನಿಂಗ್ ಬಂತಲ್ಲ, ಅಷ್ಟೇ ಸಾಕು,” ಎಂದು ಎದ್ದು ಹೋದ. ಮಧ್ಯಾಹ್ನ ನಾನು ನಿಂತಿದ್ದ ಜಾಗದಲ್ಲಿ ಈಗ ಅವನನ್ನು ನಿಲ್ಲಿಸಿದ್ದೆ. ನನಗೆ ಕುಡಿಯಲಾಗಲಿಲ್ಲ. ಅವತ್ತಿನಿಂದ ಶಾಲೆಯಲ್ಲಿ ‘ಹಾಲು’, ಮನೆಯಲ್ಲಿ ‘ಆಲು’ ಅನ್ನುತ್ತಿದ್ದೆ.

ನೀವಾದರೋ ಮೊಮ್ಮಕ್ಕಳೇ, ಫೋನಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಬರೆಯುತ್ತೀರಿ. ಒಂದಕ್ಷರ ತಪ್ಪಿದರೂ ಯಾರೂ ಕೂಡಿಹಾಕುವುದಿಲ್ಲ. ಮೊನ್ನೆ ನಿಮ್ಮಲ್ಲೊಬ್ಬಳು, ಇದನ್ನೆಲ್ಲ ಬರೆದಿಡುತ್ತಿರುವ ನನ್ನ ನೋಟ್‌ಬುಕ್ ನೋಡಿ, “ತಾತ, ಸ್ಪೆಲ್ಲಿಂಗ್ ಮಿಸ್ಟೇಕ್! ‘ಆಲು’ ಅಂತ ಬರ್ದಿದೀರ,” ಅಂದಳು.

ಅದು ನಮ್ಮಪ್ಪನ ಮಾತು, ಪುಟ್ಟಿ. ಅವನು ಹೇಗಂದನೋ ಹಾಗೇ ಬರೆದಿದ್ದೇನೆ.