ಊರಿನ ನೋವಿಗೆ ಬಾಯಾದ ಗಣಪಿ

ಗಣಪಿ ತೀರಿಕೊಂಡು ಎರಡು ವರ್ಷವಾಯಿತು. ದೆವ್ವ, ಗಾಳಿ, ದೃಷ್ಟಿ ಇವನ್ನೆಲ್ಲ ನಂಬುವವನು ನಾನಲ್ಲ. ಮೂವತ್ತು ವರ್ಷ ಔಷಧಿ ಕಿಟಕಿಯ ಹಿಂದೆ ಕೂತ ಕಂಪೌಂಡರ್ ಅಂಥದ್ದನ್ನು ನಂಬಿದರೆ ಡಬ್ಬಿಯೊಳಗಿನ ಮಾತ್ರೆಗಳೂ ನಕ್ಕಾವು. ಹಾಗಾಗಿ ಕಣ್ಣಾರೆ ಕಂಡದ್ದನ್ನಷ್ಟೇ ಹೇಳುತ್ತೇನೆ.

ಭಟ್ಕಳದ ಹೆದ್ದಾರಿ ಬದಿಯಲ್ಲಿ ನಮ್ಮದೊಂದು ಟ್ರಸ್ಟ್ ಆಸ್ಪತ್ರೆ. ಹೆಸರು ಬೇಡ. ಗಣಪಿ ಅಲ್ಲಿ ಆಯಾ. ಮುಟ್ಟಳ್ಳಿಯ ಗದ್ದೆಕೆಲಸದ ಮನೆಯವಳು. ಗಂಡ ಬೇಗ ಹೋದ, ಮಕ್ಕಳಾಗಲಿಲ್ಲ. ಜಾಲಿಯ ಮುಸ್ಲಿಮರ ಮನೆಗಳಲ್ಲಿ ಪಾತ್ರೆ ತೊಳೆಯುತ್ತ ಅವರ ನವಾಯತಿ ಮಾತು, ಉರ್ದು ಕಲಿತಿದ್ದಳು. ಮೀನುಪೇಟೆಯಲ್ಲಿ ಕೊಂಕಣಿ ತಾನಾಗಿ ಬಂತು. ಓದಿದ್ದು ಎರಡನೇ ಕ್ಲಾಸು, ಬೈಗುಳದಲ್ಲಿ ಮಾತ್ರ ನಾಲ್ಕೂ ಭಾಷೆಯಲ್ಲಿ ಎಂ.ಎ.

ನಮ್ಮ ಡಾಕ್ಟರು ಉತ್ತರದ ಕಡೆಯವರು, ಹಿಂದಿ ಬಿಟ್ಟರೆ ಇಂಗ್ಲಿಷು. ರೋಗಿ ಹೇಳಿದ್ದನ್ನು ಗಣಪಿಯೇ, ಉರ್ದುವಿನ ಬಲದಿಂದ ಬಂದ ಹಿಂದಿಯಲ್ಲಿ, ಅವರಿಗೆ ಮುಟ್ಟಿಸುತ್ತಿದ್ದಳು. "ಇವರಿಗೆ ಹೊಟ್ಟೆನೋವಂತೆ" ಎಂದು ಹಿಂದಿಯಲ್ಲಿ ಹೇಳಿ, ಕೂಡಲೇ ಮೆಲ್ಲಗೆ "ಬಿಡ್ತು" ಅನ್ನುವಳು. ಕೆಟ್ಟದ್ದನ್ನು ಆಡಿ ಬಿಡ್ತು ಅನ್ನದಿದ್ದರೆ ಅದು ಆಡಿದವರಿಗೇ ಅಂಟುತ್ತದೆ ಎಂಬುದು ಅವಳ ನಂಬಿಕೆ. ಇನ್ನೊಬ್ಬರ ಗಾಯ ಎಲ್ಲಿದೆ ಎಂದು ತನ್ನ ಮೈ ಮುಟ್ಟಿ ತೋರಿಸುವವಳೂ ಅಲ್ಲ; ಗೋಡೆಯ ಮೇಲಿನ ಮನುಷ್ಯದೇಹದ ಚಿತ್ರಕ್ಕೆ ಬೆರಳಿಡುತ್ತಿದ್ದಳು.

ಆಮೇಲೆ ಟ್ರಸ್ಟಿನವರು ಹೊಸ ನಿಯಮ ತಂದರು. ಪ್ರತಿ ರೋಗಿಗೂ ಭಾಷಾ ಸಹಾಯಕಿ ಇರಬೇಕು, ನೆಂಟರು ನಡುವೆ ಬಾಯಿ ಹಾಕಬಾರದು. ಸಹಾಯಕಿ ರೋಗಿಯ ಮಾತನ್ನು "ನನಗೆ ನೋವು" ಎಂದೇ ಹೇಳಬೇಕು, ಒಂದಕ್ಷರ ಸೇರಿಸಬಾರದು. ತರಬೇತಿ ಕೊಡಲು ಕುಮಟೆಯಿಂದ ವಿನುತಾ ಬಂದರು. ಒಳ್ಳೆಯ ನಿಯಮವೇ, ಈಗಲೂ ಹಾಗೇ ಅನ್ನುತ್ತೇನೆ. ನೆಂಟರ ಬಾಯಲ್ಲಿ ತಿರುಚಿ ಬಂದ ಮಾತು ನಂಬಿ ಎಡವಟ್ಟಾದದ್ದನ್ನು ನಾನು ಕಂಡಿದ್ದೆ.

ಆ ಕೆಲಸಕ್ಕೆ ಆರಿಸಿದ್ದು ಗಣಪಿಯನ್ನೇ. ಅವಳು ಮಾತ್ರ ಒಪ್ಪದೆ ವಿನುತಾರಿಗೆ ಅಂದಳು: "ಎಂತ ಅಮ್ಮ, ಇಲ್ಲದ ಕಾಯ್ಲೆನ ನಾನೇ ಮೈಮೇಲೆ ಕರ್ಕಣುದಾ? ಬಿಡ್ತೂ ಅನ್ನುಕಾಗ, ಎಂತೂ ಇಲ್ಲ!"

ಅವಳನ್ನು ಒಪ್ಪಿಸಿದವನು ನಾನು. ಬಾಯಿಮಾತಿಗೆ ರೋಗ ಅಂಟುವುದಿದ್ದರೆ ಊರಿನ ವಕೀಲರೆಲ್ಲ ಎಂದೋ ಜೈಲಿನಲ್ಲಿರಬೇಕಿತ್ತು ಎಂದು ಗೇಲಿ ಮಾಡಿದೆ. ಅವಳು ನಗಲಿಲ್ಲ. "ಆತು, ನೀವು ಹೇಳ್ತ್ರಿ ಅಂತ" ಎಂದಳು.

ಮೊದಲ ವಾರವೇ ಹೊನ್ನಾವರದ ಕಡೆಯ ದುರ್ಗ ಎಂಬ ಮುದುಕ ಮೊಣಕಾಲು ಹಿಡಿದುಕೊಂಡು ಬಂದ. ನಾನು ಔಷಧಿ ಚೀಟಿ ಕೇಳಲು ಬಾಗಿಲಲ್ಲಿ ನಿಂತಿದ್ದೆ. "ನನ್ನ ಎಡಗಾಲು ಮಡಚಲು ಬರುವುದಿಲ್ಲ" ಎಂದು ಹಿಂದಿಯಲ್ಲಿ ಹೇಳುತ್ತಿದ್ದ ಗಣಪಿಯ ಧ್ವನಿ ಸಟ್ಟನೆ ಗಂಡಸಿನಂತೆ ದಪ್ಪವಾಯಿತು. "ಮೆಟ್ಟಿಲು ಹತ್ತಿದರೆ ಎದೆ ಹಿಡಿಯುತ್ತದೆ. ಮಗನಿಗೆ ಹೇಳಿಲ್ಲ." ಡಾಕ್ಟರು ನನ್ನತ್ತ ನೋಡಿದರು. ಅವಳಂದದ್ದನ್ನು ನಾನು ದುರ್ಗನಿಗೆ ಕನ್ನಡದಲ್ಲಿ ಹೇಳಿದ್ದೇ ತಡ, ಅವನ ಮುಖ ಬಿಳಿಚಿತು. ಅವನು ಎದೆಯ ಮಾತೇ ಎತ್ತಿರಲಿಲ್ಲ. ಇಸಿಜಿ ತೆಗೆದರೆ ಗಣಪಿಯ ಮಾತು ನಿಜ.

ಅವತ್ತು ಸಂಜೆ ಅವಳು ಎಡಗಾಲು ಎಳೆಯುತ್ತ ಬಸ್ ನಿಲ್ದಾಣಕ್ಕೆ ಹೋದಳು.

ಆಮೇಲಾಮೇಲೆ ಅದು ದಿನದ ಮಾತಾಯಿತು. ರೋಗಿಗಳು ಹಗುರಾಗಿ ಹೊರಬರುವರು, ಇವಳು ಒಂದೊಂದೇ ಕಡೆ ಬಾಗುವಳು. ಒಮ್ಮೆ ಕೆಮ್ಮು, ಒಮ್ಮೆ ನಡುಗುವ ಕೈ. ನಾನು ಮುಲಾಮು ಕೊಟ್ಟೆ. ಹೆದರಿಕೆ ಆಗಲಿಲ್ಲ ಎಂದರೆ ಸುಳ್ಳಾದೀತು. ವಿನುತಾರಿಗೆ ಫೋನು ಮಾಡಿದರೆ, ಇದು ಬರೀ ದಣಿವು, ಇನ್ನೊಬ್ಬ ಸಹಾಯಕಿಯನ್ನು ಕೇಳಿದ್ದೇವೆ ಎಂದರು. ಇನ್ನೊಬ್ಬಳು ಬರಲೇ ಇಲ್ಲ.

ಒಂದು ಗುರುವಾರ ಗಣಪಿ ಬಂದವಳೇ, "ಕಂಪೌಂಡ್ರೇ, ಇವತ್ತಿಂದ ಬರೀ ನೆಲ ಒರಸ್ತೆ. ನನ್ನ ಮೈಯಲ್ಲಿ ನಂಗೇ ಜಾಗ ಇಲ್ಲ. ಇನ್ನೊಂದು ಹೊಕ್ರೆ ನಾ ಉಳುದಿಲ್ಲ" ಎಂದಳು. ಸರಿ ಎಂದೆ.

ಹನ್ನೊಂದು ಗಂಟೆಗೆ ಮಿರ್ಜಾನದಿಂದ ಬಂಗಾರಿ ಬಂದಳು. ಎಂಟು ತಿಂಗಳ ಬಸುರಿ, ಜೊತೆಗೆ ಅತ್ತೆ. ಸಹಾಯಕಿ ಇಲ್ಲದೆ ನಿಯಮ ಗಾಳಿಗೆ ಹೋಯಿತು. ಅತ್ತೆಯೇ ಬಾಯಿ ಹಾಕಿ "ಎಲ್ಲಾ ಅಡ್ಡಿಲ್ಲ, ಸ್ವಲ್ಪ ಸುಸ್ತು ಅಷ್ಟೇ" ಅಂದಳು, ನಾನು ಅದನ್ನೇ ಡಾಕ್ಟರಿಗೆ ದಾಟಿಸಿದೆ. ಅತ್ತೆಯೆದುರು ಬಂಗಾರಿ ತುಟಿ ಬಿಚ್ಚಲಿಲ್ಲ. ಡಾಕ್ಟರು ಟಾನಿಕ್ ಬರೆಯತೊಡಗಿದರು.

ಮೂಲೆಯಲ್ಲಿ ನೆಲ ಒರಸುತ್ತಿದ್ದ ಗಣಪಿ ನಿಂತುಬಿಟ್ಟಳು. ಸೆರಗನ್ನು ಬಾಯಿಗೆ ತುರುಕಿಕೊಂಡಳು. ಬಂಗಾರಿ ಅವಳನ್ನೇ ನೋಡುತ್ತಿದ್ದಳು. ಕೊನೆಗೆ ಗಣಪಿ ಸೆರಗು ತೆಗೆದಳು. ಇಪ್ಪತ್ತರ ಹುಡುಗಿಯ ತೆಳು ಧ್ವನಿಯಲ್ಲಿ, ಹಿಂದಿಯಲ್ಲಿ, "ನಿನ್ನೆಯಿಂದ ನನ್ನ ಮಗು ಅಲ್ಲಾಡಿಲ್ಲ" ಎಂದಳು. ಬಂಗಾರಿಗೆ ಹಿಂದಿ ತಿಳಿಯದು. ಆದರೂ ಬಿಕ್ಕಿ ಬಿಕ್ಕಿ ಅತ್ತಳು.

ಸ್ಕ್ಯಾನ್ ಮಾಡಿದವರೇ ಆಪರೇಶನ್ನಿಗೆ ಓಡಿದರು. ಒಂದು ಗಂಟೆಯೊಳಗೆ ಹೆಣ್ಣು ಕೂಸು ಕಿರುಚಿತು. ನನಗೆ ಕಣ್ಣಲ್ಲಿ ನೀರು ಬಂತು, ನಾಚಿಕೆಯಿಲ್ಲದೆ ಹೇಳುತ್ತೇನೆ.

ಆಗ ಗಣಪಿ ನನ್ನ ಕಿಟಕಿಗೆ ಬಂದಳು. ಐವತ್ತೆಂಟು ವರ್ಷದ ಹೆಂಗಸು, ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡಿದ್ದಳು. "ಕಂಪೌಂಡ್ರೇ, ಈಗಿನವರೆಗೆ ಒಳಗೆ ಒದೀತಿತ್ತು. ಈಗ ನಿಂತತು."

ಆಪರೇಶನ್ ಮುಗಿಸಿ ಅದೇ ದಾರಿಯಲ್ಲಿ ಬಂದ ಡಾಕ್ಟರು ಅವಳ ಮುಖ ನೋಡಿ ನಿಂತರು. ಏನಾಯಿತು ಎಂದು ಅವಳನ್ನೇ ಕೇಳಿದರು. ಅವಳು ನನ್ನತ್ತ ತಿರುಗಿದಳು. "ಈ ಸಲ ನೀವು ಹೇಳಿ. ನಾನು 'ನಂಗೆ' ಅಂದ್ರೆ ಅದು ಯಾರದ್ದಂತ ಅವ್ರಿಗೆ ಗೊತ್ತಾಗುದಿಲ್ಲ."

ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಹೇಳಿದರೆ ಡಾಕ್ಟರು ನನ್ನನ್ನು ಹುಚ್ಚ ಎಂದಾರು ಅನಿಸಿತು. "ಏನಿಲ್ಲ ಸರ್, ಸುಸ್ತಂತೆ" ಎಂದು ಹಿಂದಿಯಲ್ಲಿ ಅಂದೆ. ಡಾಕ್ಟರು ತಲೆಯಾಡಿಸಿ ಹೋದರು. ಭಾನುವಾರ ಬೆಳಿಗ್ಗೆ ಅವಳ ಸಾವಿನ ಸುದ್ದಿ ಬಂತು.

ನಾನು ಆ ಮಾತು ಆಡುವಾಗ ಗಣಪಿ ಕಿಟಕಿಯ ಕಂಬಿ ಹಿಡಿದು ಕೇಳುತ್ತಿದ್ದಳು. ಅವಳಿಗೆ ಹಿಂದಿ ನನಗಿಂತ ಚೆನ್ನಾಗಿ ಬರುತ್ತಿತ್ತು.