ದೊಡ್ಡವ್ವನ ಕೊರಳಿನ ತುಟ್ಟಿ ಸಾಮಾನು

ನಾನು ಹೊಗೆ ಅಳೆಯುವ ವಿಜ್ಞಾನಿ. ಒಲೆಯ ಹೊಗೆಯಲ್ಲಿನ ಕಣ್ಣಿಗೆ ಕಾಣದ ಕಣಗಳು ಅಡುಗೆ ಮಾಡುವವರ ಎದೆಯೊಳಗೆ ಎಷ್ಟು ಇಳಿಯುತ್ತವೆ ಎಂದು ತಿಳಿಯಲು ಗೋಕಾಕ, ಮೂಡಲಗಿ, ಹುಕ್ಕೇರಿಯ ಹಳ್ಳಿಗಳಲ್ಲಿ ಹೆಂಗಸರ ಕೊರಳಿಗೆ ಅಂಗೈಯಷ್ಟಗಲದ ಯಂತ್ರ ಹಾಕಿ ಬರುವುದು ನನ್ನ ಕೆಲಸ. ಹಾಕುವುದು ಸುಲಭ, ಅದು ಅಲ್ಲೇ ಉಳಿಯುವುದು ಮಾತ್ರ ದೇವರಿಗೇ ಪ್ರೀತಿ. ಹುಕ್ಕೇರಿ ಕಡೆಯ ಒಂದು ಮನೆಯಲ್ಲಿ ಅದನ್ನು ದೇವರ ಜಗಲಿಯ ಮೇಲಿಟ್ಟು ಕುಂಕುಮ ಹಚ್ಚಿದ್ದರು. ನನಗೆ ಸಿಕ್ಕಿದ್ದು ಊದುಬತ್ತಿಯ ಹೊಗೆ. ಗೋಕಾಕದ ಹತ್ತಿರ ಇನ್ನೊಬ್ಬಾಕೆ ಯಂತ್ರ ಬಂದ ಗೌರವಕ್ಕೆ ಅವತ್ತು ಗ್ಯಾಸಿನ ಮೇಲೆಯೇ ಅಡುಗೆ ಮಾಡಿ ನನಗೂ ಶಿರಾ ಬಡಿಸಿದಳು. ಸಿಟ್ಟಿನಲ್ಲೇ ತಿಂದೆ. ಚೆನ್ನಾಗಿತ್ತು.

ಮೂಡಲಗಿಯಲ್ಲಿ ನನ್ನ ದೊಡ್ಡವ್ವ ಇದ್ದಾಳೆ, ಅವ್ವನ ಅಕ್ಕ. ಶಾಲೆಯ ದಿನಗಳಲ್ಲಿ ನಾನು ಬೆಳೆದದ್ದು ಅವಳ ಮನೆಯಲ್ಲೇ. ಈಗ ಅವಳಿಗೆ ಕೆಮ್ಮು. ರೊಟ್ಟಿ ಬಡಿಯಲು ಕೂತರೆ ಮುಗಿಯುವ ತನಕ ಕೆಮ್ಮುತ್ತಾಳೆ, ಕೇಳಿದರೆ ನನಗೆ ಭಯವಾಗುತ್ತದೆ. ಗ್ಯಾಸ್ ಇದೆ, ಆದರೆ ಅದು ಚಹಾಕ್ಕೆ ಮಾತ್ರ. ರೊಟ್ಟಿಗೆ ಒಲೆಯೇ ಆಗಬೇಕು: ಹತ್ತಿ ಕಟ್ಟಿಗೆ, ಕಬ್ಬಿನ ಒಣಗಿದ ಸೋಗೆ ರವದಿ, ಉರಿ ಹತ್ತಲು ಹಾಲಿನ ಪ್ಲಾಸ್ಟಿಕ್ ಪಾಕೀಟು. ಡಾಕ್ಟರು ಹೇಳಿದ್ದಾಯಿತು, ನಾನು ಬೈದದ್ದಾಯಿತು. ಅಂಕಿ ತೋರಿಸಿದರಾದರೂ ಕೇಳಿಯಾಳು ಎಂದು ಅವಳ ಕೊರಳಿಗೂ ಒಂದು ಯಂತ್ರ ಹಾಕಿ, ದುಬಾರಿ ಸಾಮಾನು, ಜೋಪಾನ ಎಂದೆ.

ಸಂಜೆ ಯಂತ್ರದ ಅಂಕಿ ನೋಡಿದರೆ ಹೊಗೆಯೇ ಇಲ್ಲ! ಆ ಅಂಕಿ ನಂಬುವುದಾದರೆ ದೊಡ್ಡವ್ವ ಇಡೀ ದಿನ ಹೊಲದ ಬದುವಿನ ಮೇಲೆ ಕೂತಿರಬೇಕು. ಮರುದಿನ ಹೋಗಿ ಅಡುಗೆಮನೆಯ ಬಾಗಿಲಲ್ಲೇ ನಿಂತೆ. ಹೊಗೆಯಲ್ಲಿ ಕೆಮ್ಮುತ್ತ ರೊಟ್ಟಿ ಬಡಿಯುತ್ತಿದ್ದಳು. ಯಂತ್ರ ಮಾತ್ರ ಕರವಸ್ತ್ರ ಸುತ್ತಿಸಿಕೊಂಡು, ಪ್ಲಾಸ್ಟಿಕ್ ಚೀಲದೊಳಗೆ ಬಿಗಿಯಾಗಿ ಕಟ್ಟಿಸಿಕೊಂಡು ಸೆರಗಿನ ಮರೆಯಲ್ಲಿ ಆರಾಮಾಗಿತ್ತು.

“ಇದೇನ ದೊಡ್ಡವ್ವಾ?”

“ತುಟ್ಟಿ ಸಾಮಾನ ಅಂದಿದ್ದೆಲ್ಲ? ಹೊಗಿ ಬಡದ್ರ ಕೆಡೂದಿಲ್ಲೇನ?”

“ಮತ್ತ ನಿನ್ನ ಎದಿ?”

“ನಂದೇನ ಹೊಸಾದೈತೇನ?”

ನಕ್ಕುಬಿಟ್ಟೆ. ಬೆನ್ನಿಗೇ ಅಳು ಬಂತು, ಅದನ್ನು ಹೊಗೆಯ ಮೇಲೆ ಹಾಕಿದೆ. ಯಂತ್ರ ಮುಚ್ಚಿದರೆ ನನ್ನ ಕೆಲಸ ಕೆಡುತ್ತದೆ ಎಂದು ತಿಳಿಸಿ ಹೇಳಿದೆ. ದೊಡ್ಡವ್ವ ವಿಚಾರ ಮಾಡಿದಳು. ಮರುದಿನ ಹಿತ್ತಲಲ್ಲಿ ಇಟ್ಟಂಗಿ ಇಟ್ಟು ಹೊಸ ಒಲೆ ಹೂಡಿದ್ದಳು. “ಮುಚ್ಚಬಾರದು, ಹೊಗಿನೂ ಬಡೀಬಾರದು. ಇನ್ನೇನ ಮಾಡ್ಲಿ?” ಎಂದಳು. ನಾವೆಲ್ಲ ಸೇರಿ ಬೇಡಿಕೊಂಡರೂ ಅಲುಗದ ಒಲೆ ಒಂದು ಡಬ್ಬಿಗಾಗಿ ಹೊರಗೆ ಬಂದಿತ್ತು!

ಬಯಲಿನಲ್ಲಿ ಹೊಗೆ ನಿಲ್ಲಲಿಲ್ಲ. ಬರಬರುತ್ತ ಕೆಮ್ಮು ಇಳಿಯಿತು. “ಅಳೆಯೋಕೆ ಕಳಿಸಿದ್ರೆ ಒಲೆ ಎತ್ತಿಸಿ ಬಂದ್ಯಲ್ಲ” ಎಂದು ಮೇಲಿನವರು ಬೈದು ಅವಳ ಮನೆಯನ್ನು ಅಧ್ಯಯನದಿಂದ ಕೈಬಿಟ್ಟರು. ಬೈಸಿಕೊಂಡು ಅಷ್ಟು ಖುಷಿಪಟ್ಟದ್ದು ನಾನು ಅದೇ ಮೊದಲು.

ಯಂತ್ರ ಮರಳಿಸುವ ದಿನ ಬಂತು. ಕೊರಳು ಖಾಲಿಯಾದರೆ ಒಲೆ ಮತ್ತೆ ಒಳಗೆ ಹೋಗುತ್ತದೆಂಬ ಹೆದರಿಕೆ ನನಗೆ. ಕೆಟ್ಟುಹೋದ ಯಂತ್ರವೊಂದರ ಖಾಲಿ ಡಬ್ಬಿಯನ್ನು ಅವಳ ಕೊರಳಿಗೆ ಹಾಕಿದೆ. ದೊಡ್ಡವ್ವ ಅಂಗೈಯಲ್ಲಿಟ್ಟು ತೂಗಿದಳು.

“ಹಗರ ಆಗೇತಲ್ಲ?”

“ಹೊಸಾ ಮಾಡಲ್” ಅಂದೆ.

ನನ್ನ ಮುಖ ನೋಡಿದಳು. ನನ್ನ ಸುಳ್ಳು ಚಿಕ್ಕಂದಿನಿಂದಲೂ ಅವಳಿಗೆ ಗೊತ್ತಾಗುತ್ತದೆ.

“ಹೊಸಾದಂದ್ರ ಹೊಗಿ ಬಡಿಸಬಾರದವಾ” ಎಂದು ನಗುತ್ತ, ಹಿಟ್ಟಿನ ಪರಾತ ಎತ್ತಿಕೊಂಡು ಹಿತ್ತಲಿಗೆ ನಡೆದಳು.