ಐದು ಗಂಟೆಯ ನಿಯಮ

ನನಗೊಂದು ಒಳ್ಳೆಯ ಚಟವಿದೆ. ಕೆಟ್ಟದ್ದಾಗಿದ್ದರೆ ಮನೆಯವರು ಎಂದೋ ಬಿಡಿಸುತ್ತಿದ್ದರು. ಒಳ್ಳೆಯದಾದ್ದರಿಂದ ಹನ್ನೊಂದು ವರ್ಷ ಸಹಿಸಿಕೊಂಡರು. ದಿನಾ ಬೆಳಗಿನ ಐದಕ್ಕೆ ಎದ್ದು ಒಂದು ತಾಸು ಬರೆಯುತ್ತೇನೆ.

ಏನು ಬರೆದೆ ಎಂದು ಮಾತ್ರ ಕೇಳಬೇಡಿ. ಹುಬ್ಬಳ್ಳಿಯ ದುರ್ಗದಬೈಲಿನ ಪೇಟೆಯಲ್ಲಿ ಗಟ್ಟಿ ರಟ್ಟಿನ ಆರು ನೋಟುಬುಕ್ಕು ಒಟ್ಟಿಗೇ ಕೊಂಡು ಶುರು ಮಾಡಿದವನು ನಾನು. ಕೂಸು ಹುಟ್ಟುವ ಮೊದಲೇ ಕುಲಾವಿ ಅಂತಾರಲ್ಲ, ಹಾಗೆ. ಈಗ ಕಪಾಟಿನ ತುಂಬ ಕುಲಾವಿಗಳಿವೆ, ಕೂಸಿನ ಸುದ್ದಿಯಿಲ್ಲ. ಮೊನ್ನೆ ತೆಗೆದು ನೋಡಿದರೆ ಪುಟಪುಟಕ್ಕೂ ‘ಇಂದೇಕೋ ಮನಸ್ಸು ನಿಲ್ಲಲಿಲ್ಲ’, ‘ನಾಳೆಯಿಂದ ಗಂಭೀರವಾಗಿ ಬರೆಯಬೇಕು’. ಹಾಡಿದ್ದೇ ಹಾಡೋ ಕಿಸಬಾಯಿ ದಾಸ! ಆದರೂ ಒಂದು ದಿನವೂ ನಿಯಮ ತಪ್ಪಿಸಿದವನಲ್ಲ. ಅದೇ ನನ್ನ ಸೊಕ್ಕು.

ಬ್ರಾಹ್ಮೀ ಮುಹೂರ್ತದಲ್ಲಿ ಎದ್ದವನ ಬುದ್ಧಿ ತಿಳಿಯಾಗಿರುತ್ತದೆ ಎಂದು ಹಿರಿಯರು ಹೇಳಿದ್ದಾರೆ. ಅವನಿಗಿಂತ ಕಾಲು ತಾಸು ಮೊದಲೇ ಎದ್ದು ಚಹಾಕ್ಕೆ ನೀರಿಟ್ಟವಳ ಬುದ್ಧಿ ಹೇಗಿರುತ್ತದೆ ಎಂಬುದನ್ನು ಅವರು ಹೇಳಿದಂತಿಲ್ಲ. ಹೇಳಿದ್ದರೂ ನಾನು ಆ ಪುಟ ಓದಿರಲಾರೆ.

ಕಳೆದ ತಿಂಗಳು ಧಾರವಾಡದ ಒಂದು ಕಾಲೇಜಿನವರು ‘ದಿನಚರಿ ಮತ್ತು ಸೃಜನಶೀಲತೆ’ ಕುರಿತು ಮಾತಾಡಲು ಕರೆದರು. ಒಂದೂ ಪುಸ್ತಕ ಬರೆಯದವನನ್ನು ಬರೆಯುವುದು ಹೇಗೆಂದು ಹೇಳಲು ಕರೆಯುವಷ್ಟು ಉದಾರಿಗಳು ನಮ್ಮ ಕಡೆಯ ಜನ. ಹೆಂಡತಿ ಕಸ್ತೂರಿಯನ್ನೂ ಕರೆದುಕೊಂಡು ಹೋದೆ. ಮುಕ್ಕಾಲು ತಾಸು ಭಾಷಣ ಬಿಗಿದ ಮೇಲೆ ವಿದ್ಯಾರ್ಥಿನಿಯೊಬ್ಬಳು ಎದ್ದು ಕೇಳಿದಳು:

“ಸರ್, ನೀವು ಬರಿಯೋ ಹೊತ್ತಿನ್ಯಾಗ ಮನ್ಯಾಗ ಉಳಿದವ್ರು ಏನ್ ಮಾಡ್ತಾರ್ರಿ?”

“ಸುಮ್ನ ಇರ್ತಾರವಾ,” ಎಂದೆ.

ಸಭೆ ನಕ್ಕು ಚಪ್ಪಾಳೆ ತಟ್ಟಿತು. ಮೂರನೆಯ ಸಾಲಿನಲ್ಲಿದ್ದ ಕಸ್ತೂರಿ ನಗಲಿಲ್ಲ.

ಹುಬ್ಬಳ್ಳಿಗೆ ಮರಳುವಾಗ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ನೋಡುತ್ತಲೇ ಹೇಳಿದಳು: “ಆ ಹುಡುಗಿಗೆ ಅರ್ಧಾನ ಹೇಳಿದ್ರಿ. ಸುಮ್ನ ಆಗೂದಕ್ಕಿಂತ ಮದ್ಲ ಏನ್ ಮಾಡ್ತಿದ್ರು ಅನ್ನೂದನ್ನೂ ಹೇಳಬೇಕಾಗಿತ್ತು.”

ಹಾಡುತ್ತಿದ್ದಳು. ತವರಿನಿಂದ ತಂಬೂರಿ ಹೊತ್ತುಕೊಂಡೇ ಬಂದವಳು ಅವಳು. ದಿನಾ ಬೆಳಗಿನ ಐದಕ್ಕೆ ಒಳಕೋಣೆಯಲ್ಲಿ ಕೂತು, ಕೆಳಗಿನ ಷಡ್ಜವೊಂದನ್ನೇ ಹಿಡಿದು ಬಹಳ ಹೊತ್ತು ನಿಲ್ಲುತ್ತಿದ್ದಳು. ನೋಟುಬುಕ್ಕು ತಂದ ವಾರವೇ ನಾನು ಅಂದಿದ್ದೆ: “ಸ್ವಲ್ಪ ದಿನ ರಿಯಾಜ್ ಸಂಜೀಕ ಇಟ್ಕೋ. ವಿಚಾರ ಹರದು ಹೋಗಾಕತ್ತೈತಿ.” ಸಂಜೆಯೆಂದರೆ ಅಡುಗೆ, ಮಗಳ ಪಾಠ, ಬಂದು ಹೋಗುವವರು. ಸ್ವಲ್ಪ ದಿನ ಎಂದದ್ದು ಹನ್ನೊಂದು ವರ್ಷವಾಯಿತು. ಈ ಸೀಮೆಯಲ್ಲಿ ಹುಟ್ಟಿಯೂ ತಂಬೂರಿಯನ್ನು ಗದ್ದಲ ಎಂದುಕೊಂಡವನು ನಾನೊಬ್ಬನೇ ಇರಬೇಕು. ನೆನೆದರೆ ನಾಚಿಕೆಯಾಗುತ್ತದೆ.

ಮನೆ ಮುಟ್ಟಿದ ಮೇಲೆ, ನಾಳೆಯಿಂದ ಐದು ಗಂಟೆ ನಿನ್ನದು ಎಂದು ಘೋಷಿಸಿದೆ. ದಾನ ಕೊಡುವುದರಲ್ಲಿ ನಾನು ಎತ್ತಿದ ಕೈ, ಅದರಲ್ಲೂ ಅವರದನ್ನೇ ಅವರಿಗೆ ಕೊಡುವಾಗ.

ಮರುದಿನ ಚಹಾ ನಾನೇ ಮಾಡಿದೆ. ಕಸ್ತೂರಿ ತಂಬೂರಿಯ ಗವಸು ತೆಗೆದು ತುಂಬ ಹೊತ್ತು ಶ್ರುತಿ ಮಾಡಿದಳು. ಕೆಳಗಿನ ಷಡ್ಜ ನಡುಗುತ್ತ ಬಂತು. ಮೇಲೇರಿದಾಗ ದನಿ ಸೀಳಿತು. ಮತ್ತೊಮ್ಮೆ ಹಾಡಿ ನೋಡಿದಳು, ಇನ್ನೊಮ್ಮೆ ನೋಡಿದಳು. ಆಮೇಲೆ ಗವಸು ಹಾಕಿದಳು.

“ದಿನಾ ಮಾಡಿದ್ರ ಬರ್ತೈತಿ ಬಿಡು,” ಎಂದೆ.

“ದಿನಾ ಮಾಡೂದು ಅಂದ್ರೇನು ಅನ್ನೂದು ನಂಗ ಗೊತ್ತೈತ್ರಿ,” ಎಂದಳು. ಸಿಟ್ಟೇನೂ ಇರಲಿಲ್ಲ, ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು. “ನೀವು ಬರೀರಿ. ಒಬ್ಬರದಾದ್ರೂ ಸಾಗ್ಲಿ.”

ಹನ್ನೊಂದು ವರ್ಷದಲ್ಲಿ ಮೊದಲ ಸಲ ನನಗೆ ಬರೆಯಲು ಏನೋ ಸಿಕ್ಕಿದೆ. ಯಾರದನ್ನು ಕಿತ್ತುಕೊಂಡದ್ದರಿಂದ ಸಿಕ್ಕಿತು ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಈಗ ಬೆಳಗಿನ ಐದೂಕಾಲು. ಒಳಗೆ ಕಸ್ತೂರಿ ಪಾತ್ರೆಗಳನ್ನು ಸದ್ದಾಗದಂತೆ ಇಡುತ್ತಿದ್ದಾಳೆ.